ಮಾಸ್‌ಗೆ ಮಣ್ಣು ಯಾಕೆ ಬೇಡ?

ಗಿಡ ಅಂದ ಮೇಲೆ ಬೇರಿರಬೇಕು, ಬೇರಿಗೆ ಮಣ್ಣು ಬೇಕು. ಅಕ್ವೇರಿಯಂನಲ್ಲಿ ಮಾಸ್ ಬೆಳೆಸಲು ಹೊರಟವರಲ್ಲಿ ಅನೇಕರು ಈ ನಂಬಿಕೆಯಿಂದಲೇ ಶುರು ಮಾಡುತ್ತಾರೆ. ಒಂದು ಹಿಡಿ ಜಾವಾ ಮಾಸ್ ತಂದು, ವ್ಯಾಲಿಸ್ನೇರಿಯಾದಂಥ ಬೇರಿನ ಗಿಡ ನೆಟ್ಟ ಹಾಗೆ ಮರಳಿಗೆ ಒತ್ತಿ, ಪಕ್ಕದಲ್ಲೊಂದು ಗೊಬ್ಬರದ ಗುಳಿಗೆ ಹೂಳುತ್ತಾರೆ. ಹೂತ ಭಾಗ ಬೆಳಕಿಲ್ಲದೆ ಕಂದಾಗಿ ಕೊಳೆಯುತ್ತದೆ, ಮಿಕ್ಕದ್ದು ತೇಲಿ ಹೋಗಿ ಫಿಲ್ಟರ್ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಮಾಸ್‌ಗೆ ನಿಜವಾದ ಬೇರೇ ಇಲ್ಲ. ಕಾಂಡದಿಂದ ಹೊರಡುವ, ಕೂದಲಿಗಿಂತ ನವಿರಾದ ಕಂದು ಎಳೆಗಳಿಗೆ ರೈಜಾಯ್ಡ್ ಎನ್ನುತ್ತಾರೆ. ಅವುಗಳ ಮುಖ್ಯ ಕೆಲಸ ಕಲ್ಲನ್ನೋ ಕಟ್ಟಿಗೆಯನ್ನೋ ಹಿಡಿದುಕೊಳ್ಳುವುದು. ಊಟವೆಲ್ಲ ಎಲೆಯ ಮೂಲಕ. ಆ ಎಲೆ ಬಹುಪಾಲು ಒಂದೇ ಜೀವಕೋಶದಷ್ಟು ತೆಳು, ಆದ್ದರಿಂದ ನೀರಿನಲ್ಲಿ ಕರಗಿದ ಪೋಷಕಾಂಶ, ಕಾರ್ಬನ್ ಡೈಆಕ್ಸೈಡ್ ನೇರವಾಗಿ ಒಳಗೆ ಇಳಿಯುತ್ತವೆ. ಮೀನಿನ ತ್ಯಾಜ್ಯದಿಂದ ಬರುವ ಸಾರಜನಕವೇ ಜಾವಾ ಮಾಸ್‌ಗೆ ಸಾಮಾನ್ಯವಾಗಿ ಸಾಕು. ಸಿಲಿಂಡರ್‌ನಿಂದ ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಬೆಳವಣಿಗೆ ಚುರುಕಾಗುತ್ತದೆ, ನಿಜ. ಕೊಡದಿದ್ದರೆ ಬೆಳೆಯುವುದೇ ಇಲ್ಲ ಎನ್ನುವುದು ಸುಳ್ಳು.

ಮಾಸ್‌ಗೆ ಮಣ್ಣು ಬೇಡ ಎಂಬುದನ್ನು ಒಪ್ಪಿಕೊಂಡರೆ ಅದನ್ನು ಕಲ್ಲಿಗೋ ಕಟ್ಟಿಗೆಗೋ ಕಟ್ಟುವ ವಿಧಾನವೂ ಬದಲಾಗಲೇಬೇಕು. ದಪ್ಪಗೆ ಹೊದಿಸಿ ಬಿಗಿಯಾಗಿ ಸುತ್ತಿದರೆ ಬೇಗ ಹಸಿರಾಗುತ್ತದೆ ಎಂಬ ಆಸೆ ಸಹಜವೇ, ಆದರೆ ದಪ್ಪ ಪದರದ ಅಡಿಗೆ ಬೆಳಕೂ ಇಲ್ಲ, ನೀರಿನ ಓಡಾಟವೂ ಇಲ್ಲ. ಕಟ್ಟಿಗೆಯನ್ನು ಹಿಡಿಯಬೇಕಾದ ಆ ಅಡಿಭಾಗವೇ ಸತ್ತರೆ ಮೇಲಿನ ಹೊದಿಕೆ ಇಡಿಯಾಗಿ ಎದ್ದು ಬರುತ್ತದೆ. ಗಟ್ಟಿಯಾಗಿ ಹಿಡಿಯುವುದು ಹೊಸದಾಗಿ ಚಿಗುರಿದ ಭಾಗ. ಹಾಗಾಗಿ ಮಾಸನ್ನು ಕತ್ತರಿಯಿಂದ ಸುಮಾರು 1 ಸೆಂ.ಮೀ. ತುಂಡು ಮಾಡಿ, ನಡುನಡುವೆ ಕಟ್ಟಿಗೆ ಕಾಣುವಷ್ಟು ತೆಳ್ಳಗೆ ಹರಡಿ, ಹತ್ತಿ ದಾರವನ್ನು ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಸುತ್ತಬೇಕು. ಕತ್ತರಿಸಿದ ಪ್ರತಿ ತುಂಡೂ ಚಿಗುರಬಲ್ಲದು. ಹತ್ತಿ ದಾರ ಕೆಲವೇ ವಾರಗಳಲ್ಲಿ ಕೊಳೆತು ಹೋಗುತ್ತದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ: ಬೆಳವಣಿಗೆ ನಿಧಾನವಾದ ತೊಟ್ಟಿಯಲ್ಲಿ ಮಾಸ್ ಹಿಡಿಯುವ ಮೊದಲೇ ದಾರ ಬಿಟ್ಟೀತು. ಅಲ್ಲಿ ಸಣ್ಣ ನೈಲಾನ್ ಗಾಳದ ದಾರವೇ ವಾಸಿ.

ದಾರದ ಬದಲು ಅಂಟನ್ನೂ ಬಳಸಬಹುದು, ಆದರೆ ಫೆವಿಕ್ವಿಕ್‌ನಂಥ ಅಂಟು ಮೀನಿಗೆ ವಿಷ ಎಂಬ ಭಯವೂ ವ್ಯಾಪಕ. ಅದರೊಳಗಿನ ಸಯನೋಅಕ್ರಿಲೇಟ್ ಎಂಬ ಹೆಸರಲ್ಲಿ ಸಯನೈಡ್‌ನ ನೆರಳು ಕಾಣುವುದರಿಂದಲೂ ಹೀಗಾಗಿರಬಹುದು. ಆದರೆ ಈ ಅಂಟು ತೇವ ತಾಗಿದೊಡನೆ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಹವಳ ಸಾಕುವವರು ಹವಳದ ತುಂಡುಗಳನ್ನು ಕಲ್ಲಿಗೆ ಕೂಡಿಸುವುದು ಇದರಿಂದಲೇ. ಇದೇ ಕುಟುಂಬದ ಅಂಟುಗಳನ್ನು ವೈದ್ಯರು ಗಾಯದ ಅಂಚು ಸೇರಿಸಲೂ ಬಳಸುತ್ತಾರೆ. ಅಂಟು ತಾಗಿದ ಎಲೆ ಸಾಯುತ್ತದೆ, ಬಿಳಿ ಕಲೆಯೂ ಉಳಿಯುತ್ತದೆ, ಅದಕ್ಕೇ ಚುಕ್ಕಿ ಚುಕ್ಕಿಯಾಗಿ ಹಚ್ಚುವುದು. ಕೊನೆಗೆ, ಎಲ್ಲ ಮಾಸ್‌ಗಳ ಹಿಡಿತವೂ ಒಂದೇ ಅಲ್ಲ. ಫಿಸಿಡೆನ್ಸ್ ಎಂಬ ಮಾಸ್ ಕಲ್ಲಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಬೇರೆ ಕೆಲವು ಅಷ್ಟಾಗಿ ಇಲ್ಲ. ಮಾಸ್ ಎಂದೇ ಹಲವರು ತಿಳಿದಿರುವ ರಿಕ್ಸಿಯಾ ಮಾಸ್ ಅಲ್ಲ, ಲಿವರ್‌ವರ್ಟ್ ಎಂಬ ಬೇರೆ ಗುಂಪಿನ ಸಸ್ಯ. ಅದು ಸ್ವಭಾವತಃ ತೇಲುವ ಸಸ್ಯವಾದ್ದರಿಂದ ಕಲ್ಲಿನ ಮೇಲೆ ಬೇಕೆನ್ನುವವರು ಅದನ್ನು ಸದಾ ಬಲೆಯ ಅಡಿಯಲ್ಲೇ ಇಡಬೇಕು.