ಅರ್ದಿತ ವಾತ: ಮೊದಲು ಕಣ್ಣನ್ನು ಕಾಯಿರಿ

ಮುಖದ ಒಂದು ಪಾರ್ಶ್ವ ಸೋತು ಬಾಯಿ ಓರೆಯಾಗುವ ವ್ಯಾಧಿಯನ್ನು ಆಯುರ್ವೇದವು ‘ಅರ್ದಿತ’ವೆಂದು ಕರೆಯುತ್ತದೆ. ಮನೆಯವರ ಚಿಂತೆ ಬಾಯಿಯದು. ನಾವು ಮೊದಲು ಪರೀಕ್ಷಿಸುವುದು ಕಣ್ಣನ್ನು. ಮುಖದ ನರ ದುರ್ಬಲವಾದಾಗ ರೆಪ್ಪೆ ಮುಚ್ಚುವ ಸ್ನಾಯುವೂ ಸೋಲುತ್ತದೆ. ತೆರೆದೇ ಉಳಿದ ಕಣ್ಣಿನ ಕಾರ್ನಿಯಾ ಒಣಗಿ ಹುಣ್ಣಾದರೆ ದೃಷ್ಟಿಯೇ ಹೋದೀತು. ಸಿರಿಮನೆಯ ಸುತ್ತಲಿನ ಮನೆಗಳಲ್ಲಿ ಒಲೆಯ ಹೊಗೆ, ಅಡಿಕೆ ಸುಲಿಯುವಾಗಿನ ಧೂಳಿನಿಂದಲೂ ಇಂಥ ಕಣ್ಣನ್ನು ಕಾಯಬೇಕು.

ಹಗಲಿನಲ್ಲಿ ನೇತ್ರವೈದ್ಯರು ಸೂಚಿಸಿದ ಕೃತಕ ಕಣ್ಣೀರಿನ ಹನಿ, ಕನ್ನಡಕ. ರಾತ್ರಿ ಕಣ್ಣಿನ ಮುಲಾಮು ಹಚ್ಚಿ, ರೆಪ್ಪೆಯನ್ನು ಪೂರ್ಣ ಮುಚ್ಚಿ, ಅಂಟುಪಟ್ಟಿ ಹಾಕಬೇಕು. ಎಣ್ಣೆ, ಎದೆಹಾಲು, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡಲಾಗದು.

ಅಭ್ಯಂಗ, ನಸ್ಯಗಳಿಗಾಗಿ ಕಾಯುತ್ತ ಕಾಲ ಕಳೆಯಬಾರದು. 72 ಗಂಟೆಗಳೊಳಗೆ ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ಚಿಕಿತ್ಸೆ ಆರಂಭವಾದರೆ ನರ ಚೇತರಿಸುವ ಸಂಭವ ಹೆಚ್ಚು. ಕೈಕಾಲು ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಒಂದು ಕ್ಷಣವೂ ತಡ ಸಲ್ಲದು. ತಿಂಗಳುಗಳಾದರೂ ರೆಪ್ಪೆ ಮುಚ್ಚದಿದ್ದಲ್ಲಿ ಮೇಲ್ರೆಪ್ಪೆಯೊಳಗೆ ಚಿನ್ನದ ಪುಟ್ಟ ತೂಕವಿರಿಸುವ ಶಸ್ತ್ರಚಿಕಿತ್ಸೆಯೂ ಉಂಟು. ಭಕ್ತರು ಧೃತಿಗೆಡಬೇಕಿಲ್ಲ.