ನಿಮಗಿದು ಗೊತ್ತೇ? ಟೀ-ಶರ್ಟ್ ಮೇಲೆ ನಿಮ್ಮದೇ ಅಚ್ಚು

ಓಣಿಯ ಕ್ರಿಕೆಟ್ ತಂಡಕ್ಕೋ ರಾಜ್ಯೋತ್ಸವಕ್ಕೋ ನಾಲ್ಕು ಟೀ-ಶರ್ಟ್ ಪ್ರಿಂಟ್ ಮಾಡಿಸಲು ಹೋದರೆ, ‘ಇಷ್ಟು ಕಡಿಮೆ ಪೀಸ್ ಮಾಡಲ್ಲ’ ಎಂದು ಅಂಗಡಿಯವರು ಕೈಯಾಡಿಸಿಬಿಡುವುದುಂಟು. ಬಿಸಿಯಿಂದ ಅಚ್ಚೊತ್ತುವ ಹೀಟ್ ಟ್ರಾನ್ಸ್‌ಫರ್‌ಗೆ ಆ ಹಂಗಿಲ್ಲ. ಒಂದೇ ಒಂದನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಯಾವ ಮೆಷಿನ್ ಎಂಬುದು ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಕಾಲರ್ ಹಿಂದಿನ ಲೇಬಲ್: ಹತ್ತಿಯೋ, ಪಾಲಿಯೆಸ್ಟರೋ?

● ಈ ಕೆಲಸದ ಲೆಕ್ಕವೆಲ್ಲ ಬಿಸಿ, ಒತ್ತಡ, ಸಮಯ ಎಂಬ ಮೂರರಲ್ಲಿದೆ. ಕತ್ತರಿಸಿ ಅಂಟಿಸುವ ವಿನೈಲ್‌ಗೆ ಸಾಮಾನ್ಯವಾಗಿ 150ರಿಂದ 160 ಡಿಗ್ರಿ ಸೆಲ್ಸಿಯಸ್, 10ರಿಂದ 15 ಸೆಕೆಂಡ್ ಸಾಕು. ಬಣ್ಣವನ್ನೇ ಆವಿಯಾಗಿಸಿ ಬಟ್ಟೆಗಿಳಿಸುವ ಸಬ್ಲಿಮೇಷನ್‌ಗೆ 190ರಿಂದ 200 ಡಿಗ್ರಿ, ಮುಕ್ಕಾಲರಿಂದ ಒಂದು ನಿಮಿಷ ಬೇಕು. ಬ್ರ್ಯಾಂಡ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಪ್ಯಾಕೆಟ್ ಮೇಲೆ ಬರೆದದ್ದೇ ಅಂತಿಮ.

● ಕರ್ಪೂರ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದಲ್ಲ, ಸಬ್ಲಿಮೇಷನ್ ಶಾಯಿಯ ಸ್ವಭಾವವೂ ಅದೇ. ಬಿಸಿಗೆ ಆವಿಯಾದ ಬಣ್ಣ ಪಾಲಿಯೆಸ್ಟರ್ ಎಳೆಯೊಳಗೇ ಸೇರಿಕೊಳ್ಳುತ್ತದೆ. ಹಾಗಾಗಿ ಕೈಯಾಡಿಸಿದರೆ ಪ್ರಿಂಟ್ ಇದೆಯೆಂದೇ ತಿಳಿಯದು. ಅದು ಬಿರಿಯುವುದೂ ಇಲ್ಲ, ಸಿಪ್ಪೆ ಏಳುವುದೂ ಇಲ್ಲ.

● ಅದೇ ಶಾಯಿಗೆ ಹತ್ತಿಯ ಎಳೆಯಲ್ಲಿ ಜಾಗವಿಲ್ಲ. ಅಪ್ಪಟ ಹತ್ತಿ ಟೀ-ಶರ್ಟ್ ಮೇಲೆ ಒತ್ತಿದ ಸಬ್ಲಿಮೇಷನ್ ಚಿತ್ರ ಮೊದಲ ದಿನ ಒಂದಿಷ್ಟು ಕಂಡರೂ ಒಗೆತಕ್ಕೆ ಸಿಕ್ಕಿದ ಮೇಲೆ ಮಸುಕಾಗಿಬಿಡುತ್ತದೆ. ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಪಾಲಿಯೆಸ್ಟರ್ ಪಾಲಿನ ಬಣ್ಣವಷ್ಟೇ ಉಳಿದು, ಹಳೆಯ ಬಟ್ಟೆಯಂಥ ಮಾಸಲು ನೋಟ ಬರುತ್ತದೆ. ಅದನ್ನೇ ಬಯಸಿ ಮಾಡುವವರೂ ಇದ್ದಾರೆ.

● ಪಾಲಿಯೆಸ್ಟರ್ ನೂಲಿಗೆ ದಾರಿ ಮಾಡಿಕೊಟ್ಟವರು ಹತ್ತಿಬಟ್ಟೆಗೆ ಅಚ್ಚು ಹಾಕುವವರೇ! ಮ್ಯಾಂಚೆಸ್ಟರ್‌ನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ 1941ರಲ್ಲಿ ಅದಕ್ಕೆ ಪೇಟೆಂಟ್ ಕೋರಿದರು. ಬ್ರಿಟನ್ನಿನಲ್ಲಿ ಅದು ಟೆರಿಲೀನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

● ಸಬ್ಲಿಮೇಷನ್ ಪೇಪರ್ ಪ್ರಿಂಟರಿನಿಂದ ಹೊರಬಂದಾಗ ಬಣ್ಣ ಸಪ್ಪೆಯಾಗಿಯೇ ಇರುತ್ತದೆ. ಶಾಯಿ ಕೆಟ್ಟಿದೆ ಎಂದು ಕೈಬಿಡಬೇಡಿ. ಕೆಂಪು, ಹಳದಿ ಕಣ್ಣು ಕುಕ್ಕುವಂತೆ ಏಳುವುದು ಬಿಸಿಯಿಂದ ಒತ್ತುವ ಹೀಟ್ ಪ್ರೆಸ್‌ನಿಂದ ತೆಗೆದ ಮೇಲೆ.

● ಮನೆಯ ಪ್ರಿಂಟರ್‌ಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ. ಚಿತ್ರದಲ್ಲಿ ಬಿಳಿ ಇರುವ ಕಡೆಯೆಲ್ಲ ಬಟ್ಟೆಯ ಬಣ್ಣವೇ ಕಾಣುತ್ತದೆ. ಕಪ್ಪು ಟೀ-ಶರ್ಟ್ ಮೇಲೆ ಸಬ್ಲಿಮೇಷನ್ ಸಾಗದಿರುವುದು ಇದೇ ಕಾರಣಕ್ಕೆ.

● ಚಿತ್ರ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತುವ ಟ್ರಾನ್ಸ್‌ಫರ್ ಪೇಪರ್‌ನಲ್ಲಿ ಎರಡು ಜಾತಿ. ತಿಳಿ ಬಣ್ಣದ ಬಟ್ಟೆಯ ಪೇಪರ್ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಪ್ರಿಂಟ್ ಮಾಡಬೇಕು. ಗಾಢ ಬಣ್ಣದ ಬಟ್ಟೆಯ ಪೇಪರ್‌ಗೆ ಬಿಳಿ ಪದರವಿದ್ದು, ಅದನ್ನು ಸುಲಿದು ಚಿತ್ರ ಮೇಲ್ಮುಖವಾಗಿ ಇಟ್ಟು ಒತ್ತುವುದರಿಂದ ತಿರುವುವ ಹಾಗೇ ಇಲ್ಲ. ಎರಡನ್ನೂ ಅದಲುಬದಲು ಮಾಡಿದರೆ ಎದೆಯ ಮೇಲಿನ ಹೆಸರು ಓದಲು ಕನ್ನಡಿ ಹಿಡಿಯಬೇಕಾದೀತು.

● ಇಂಕ್‌ಜೆಟ್‌ಗೆಂದು ಮಾಡಿದ ಟ್ರಾನ್ಸ್‌ಫರ್ ಪೇಪರನ್ನು ಲೇಸರ್ ಪ್ರಿಂಟರಿಗೆ ಹಾಕಬಾರದು. ಲೇಸರ್ ಪ್ರಿಂಟರಿನ ಒಳಗೆ ಟೋನರ್ ಕರಗಿಸುವ ಬಿಸಿ ರೋಲರ್ ಇದೆ. ಪೇಪರಿನ ಲೇಪ ಅದಕ್ಕೇ ಅಂಟಿಕೊಂಡು ಪ್ರಿಂಟರ್ ಕೈಕೊಡುತ್ತದೆ.

● ಸಬ್ಲಿಮೇಷನ್ ಮಾಡುವವರು ಎಪ್ಸನ್ ಪ್ರಿಂಟರುಗಳನ್ನು ಹುಡುಕಿ ಕೊಳ್ಳುವುದಕ್ಕೆ ಕಾರಣವಿದೆ. ಅವುಗಳ ಹೆಡ್ ಶಾಯಿಯನ್ನು ಕುದಿಸಿ ಚಿಮ್ಮಿಸುವುದಿಲ್ಲ; ವಿದ್ಯುತ್ತಿಗೆ ಬಾಗುವ ಪೀಜೋ ಹರಳು ತಳ್ಳುತ್ತದೆ. ಬಿಸಿಗೆ ಆವಿಯಾಗುವ ಶಾಯಿಗೆ ತಣ್ಣನೆಯ ಹೆಡ್ಡೇ ಸರಿ. ಒಮ್ಮೆ ಈ ಶಾಯಿ ತುಂಬಿದರೆ ಆ ಪ್ರಿಂಟರನ್ನು ಅದಕ್ಕೇ ಮೀಸಲಿಡಬೇಕು.

● ಒಣಗಿದ ಹತ್ತಿಬಟ್ಟೆ ಎಂದರೂ ಅದರಲ್ಲಿ ನೀರಿರುತ್ತದೆ. ಜವಳಿ ಉದ್ಯಮದ ಲೆಕ್ಕದಲ್ಲಿ ಒಣ ತೂಕಕ್ಕೆ ಹೋಲಿಸಿದರೆ ಹತ್ತಿಯ ತೇವಾಂಶ ಶೇಕಡಾ 8.5, ಪಾಲಿಯೆಸ್ಟರಿನದು 0.4. ಅಂದರೆ 200 ಗ್ರಾಂ ಒಣ ಹತ್ತಿಗೆ 17 ಗ್ರಾಂ ನೀರು! ಅಚ್ಚಿಗೆ ಮೊದಲು ಬರಿ ಬಟ್ಟೆಯನ್ನು ಐದಾರು ಸೆಕೆಂಡ್ ಒತ್ತಿ ಈ ತೇವ ಓಡಿಸದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಇದನ್ನು ಮರೆಯುವಂತಿಲ್ಲ.

● ವಿನೈಲ್ ಮತ್ತು ಟ್ರಾನ್ಸ್‌ಫರ್ ಪೇಪರ್‌ಗೆ ಇಸ್ತ್ರಿ ಪೆಟ್ಟಿಗೆಯೂ ಸಾಕು. ಷರತ್ತು ಮೂರು. ಸ್ಟೀಮ್ ಆಫ್ ಇರಬೇಕು. ಮೆತ್ತನೆಯ ಇಸ್ತ್ರಿ ಬೋರ್ಡ್ ಒತ್ತಡ ನುಂಗುವುದರಿಂದ ಗಟ್ಟಿ ಮೇಜಿನ ಮೇಲೆ ತೆಳು ಬಟ್ಟೆ ಹಾಸಿಕೊಳ್ಳಬೇಕು. ಉಜ್ಜಬಾರದು, ಮೈಭಾರ ಹಾಕಿ ಒತ್ತಿ, ಎತ್ತಿ, ಪಕ್ಕದ ಜಾಗದ ಮೇಲಿಡಬೇಕು. ಪೆಟ್ಟಿಗೆಯನ್ನು ಎಳೆದರೆ ಚಿತ್ರವೂ ಜತೆಗೇ ಬರುತ್ತದೆ.

● ಚಿತ್ರಕ್ಕೂ ಬಿಸಿಗೂ ನಡುವೆ ಟೆಫ್ಲಾನ್ ಹಾಳೆ ಇಡುವುದು ವಾಡಿಕೆ. ಅದಿಲ್ಲದಿದ್ದರೆ ಸಿಲಿಕೋನ್ ಲೇಪವಿರುವ ಬೇಕಿಂಗ್ ಪೇಪರ್ ನಡೆಯುತ್ತದೆ. ಮೇಣ ಸವರಿದ ಕಾಗದ ಬೇಡ, ಮೇಣ ಕರಗಿ ಬಟ್ಟೆಗಿಳಿಯುತ್ತದೆ.

● ಬೈಕ್ ಮೇಲೆ ಅಂಟಿಸುವ ಸ್ಟಿಕ್ಕರ್ ವಿನೈಲ್ ಬೇರೆ, ಬಟ್ಟೆಯ ವಿನೈಲ್ ಬೇರೆ. ಸ್ಟಿಕ್ಕರ್ ಸಾಮಾನ್ಯವಾಗಿ ಪಿವಿಸಿ. ಅದನ್ನು ಪ್ರೆಸ್‌ಗೆ ಕೊಟ್ಟರೆ ಕರಗಿ ಮುದ್ದೆಯಾಗುತ್ತದೆ, ಹೊಗೆ ಉಸಿರಿಗೂ ಒಳ್ಳೆಯದಲ್ಲ.

● ಕನ್ನಡ ಅಕ್ಷರದ ವಿನೈಲ್ ಕತ್ತರಿಸಿ, ಬೇಡದ ಚೂರುಗಳನ್ನು ಸೂಜಿಯಿಂದ ಕೀಳುವಾಗ ಮಹಾಪ್ರಾಣದ ಮೇಲೆ ಕಣ್ಣಿರಲಿ. ‘ಧ’ದ ಅಡಿಯ ಪುಟ್ಟ ಗೀಟು ಕಿತ್ತುಬಂದರೆ ಧನಲಕ್ಷ್ಮಿ ಹೋಗಿ ದನಲಕ್ಷ್ಮಿಯಾಗುತ್ತಾಳೆ. ಒತ್ತಕ್ಷರ ದಪ್ಪಗೆ ಕಾಣುವ ಫಾಂಟ್, ದೊಡ್ಡ ಅಳತೆ ಆರಿಸಿಕೊಂಡರೆ ಕೆಲಸ ಹಗುರ.

● ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಒತ್ತು ಬಿಟ್ಟುಹೋಗಿ ‘ಕನ್‌ನಡ’ ಎಂದು ಮೂಡುವುದುಂಟು. ಅಕ್ಷರ ಜೋಡಿಸುವ ಸೆಟ್ಟಿಂಗನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸಿದರೆ ಒತ್ತು ಸ್ವಸ್ಥಾನಕ್ಕೆ ಬರುತ್ತದೆ. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಈ ತಂಟೆಯಿಲ್ಲ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಫಾಂಟುಗಳ ಪರವಾನಗಿ ಮುಕ್ತವಾಗಿದ್ದು, ಅವನ್ನು ಬಳಸಿ ಮುದ್ರಿಸಿದ ಟೀ-ಶರ್ಟ್ ಮಾರಲು ಅಡ್ಡಿಯಿಲ್ಲ.

● ಎ4 ಅಳತೆಯ ಚಿತ್ರ ಸ್ಫುಟವಾಗಿ ಬರಬೇಕಾದರೆ 2480 × 3508 ಪಿಕ್ಸೆಲ್ ಇರಬೇಕು. ಇಂಚಿಗೆ 300 ಚುಕ್ಕಿಯ ಲೆಕ್ಕವಿದು. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

● ಚಿತ್ರ ನೆಟ್ಟಗೆ ಕೂರಿಸಲು ಸ್ಕೇಲ್ ಬೇಡ. ಟೀ-ಶರ್ಟನ್ನು ಉದ್ದಕ್ಕೆ ಎರಡಾಗಿ ಮಡಚಿ ಒಮ್ಮೆ ಒತ್ತಿ. ನಡುಗೆರೆ ತಾನೇ ಬೀಳುತ್ತದೆ. ಕಾಲರಿನಿಂದ ನಾಲ್ಕು ಬೆರಳು ಕೆಳಗೆ ಚಿತ್ರದ ತಲೆ ಬಂದರೆ ಎದೆಗೆ ಸರಿಹೊಂದುತ್ತದೆ. ಹೊಟ್ಟೆಯ ಮೇಲೆ ಇಳಿಯುವ ಪ್ರಿಂಟ್ ಹೊಸಬರ ಗುರುತು!

● ಈಗಿನ ಹೊಸ ಅಲೆ ಡಿಟಿಎಫ್, ಅಂದರೆ ಡೈರೆಕ್ಟ್ ಟು ಫಿಲ್ಮ್. ಫಿಲ್ಮ್ ಮೇಲೆ ಮೊದಲು ಬಣ್ಣ, ಅದರ ಮೇಲೆ ಬಿಳಿ, ಆಮೇಲೆ ಅಂಟುಪುಡಿ. ಹತ್ತಿ, ಪಾಲಿಯೆಸ್ಟರ್, ಕಪ್ಪು, ಬಿಳಿ ಎಲ್ಲಕ್ಕೂ ಸೈ. ಆದರೆ ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರಕ್ಕೆ ತಳ ಸೇರಿ ಹೆಡ್ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಅಪರೂಪಕ್ಕೆ ಪ್ರಿಂಟ್ ಮಾಡುವವರಿಗೆ ಈ ಪ್ರಿಂಟರ್ ಬೇಡ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಫಿಲ್ಮ್ ಪ್ರಿಂಟ್ ಹಾಕಿಸಿ ತಂದು ಮನೆಯಲ್ಲಿ ಒತ್ತಿಕೊಂಡರಾಯಿತು.

● ಕೆಂಪು ಪಾಲಿಯೆಸ್ಟರ್ ಜೆರ್ಸಿಯ ಮೇಲೆ ಒತ್ತಿದ ಬೆಳ್ಳನೆಯ ನಂಬರ್ ಕ್ರಮೇಣ ಗುಲಾಬಿಗೆ ತಿರುಗಬಹುದು. ಬಿಸಿಗೆ ಬಟ್ಟೆಯ ಬಣ್ಣವೇ ಆವಿಯಾಗಿ ಬಿಳಿಗೆ ಏರುವ ಚೇಷ್ಟೆಯಿದು. ಕಡಿಮೆ ಬಿಸಿಗೆ ಅಂಟುವ ವಿನೈಲ್ ಇದಕ್ಕೆ ಮದ್ದು.

● 180 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ 180 ಗ್ರಾಂ. ‘ಬಯೋವಾಶ್’ ಎಂದರೆ ಹತ್ತಿಯ ಮೇಲಿನ ಜುಂಗನ್ನು ಸೆಲ್ಯುಲೇಸ್ ಎಂಬ ಕಿಣ್ವದಿಂದ ತಿನ್ನಿಸಿ ನುಣುಪು ಮಾಡಿದ್ದು. ಜುಂಗು ಕಡಿಮೆಯಾದಷ್ಟೂ ಅಚ್ಚಿನ ಅಂಚು ಚೊಕ್ಕ. ಅಚ್ಚಿಲ್ಲದ ಇಂಥ ಟೀ-ಶರ್ಟುಗಳಿಗೆ ನಮ್ಮವರು ಮೊದಲು ನೋಡುವುದು ನೊಯ್ಯಲ್ ನದಿಯ ದಡದ ತಿರುಪ್ಪೂರಿನ ಕಡೆಗೆ.

● 1400 ವಾಟ್‌ನ ಹೀಟ್ ಪ್ರೆಸ್ 230 ವೋಲ್ಟಿನಲ್ಲಿ 6 ಆಂಪಿಯರ್‌ಗೂ ತುಸು ಹೆಚ್ಚು ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗೂ ಬೇಡ, ಎಕ್ಸ್‌ಟೆನ್ಷನ್ ಬಾಕ್ಸೂ ಬೇಡ. ಗೀಸರ್‌ಗೆ ಕೊಡುವ 16 ಆಂಪಿಯರ್ ಪ್ಲಗ್ ಬೇಕು.

● ಒತ್ತಿದ ಮೇಲೆ 24 ಗಂಟೆ ನೀರಿಗೆ ಹಾಕದಿದ್ದರೆ ಅಂಟು ಬಲಿಯುತ್ತದೆ. ಆಮೇಲೂ ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲೇ ಒಗೆಯಬೇಕು. ಒಗೆಯುವ ಕಲ್ಲಿನ ಮೇಲೆ ಬ್ರಷ್ ಹಾಕಿ ತಿಕ್ಕಿದರೆ ಅಂಟಿಸಿದ ಯಾವ ಪ್ರಿಂಟೂ ಉಳಿಯದು.

● ಟೀ-ಶರ್ಟ್ ಹುಟ್ಟಿದ್ದು ಒಳ ಅಂಗಿಯಾಗಿ. ಅಮೆರಿಕದ ನೌಕಾಪಡೆ 1913ರಲ್ಲಿ ಅದನ್ನು ಸಮವಸ್ತ್ರದೊಳಗೆ ತೊಡಲು ಕೊಟ್ಟಿತು. 1942ರ ಜುಲೈ 13ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಸೈನಿಕನೊಬ್ಬ ತನ್ನ ತರಬೇತಿ ಶಾಲೆಯ ಹೆಸರು ಅಚ್ಚಾದ ಟೀ-ಶರ್ಟ್ ತೊಟ್ಟು ನಿಂತಿದ್ದ.

● ನಿಮಗೆಂದು ಒಂದು ಮಾಡಿಕೊಳ್ಳುವುದು ಬೇರೆ, ಮಾರುವುದು ಬೇರೆ. ತಂಡದ ಲೋಗೊ, ಸಿನಿಮಾ ಪೋಸ್ಟರ್ ಹಾಕಿ ಮಾರಿದರೆ ಟ್ರೇಡ್‌ಮಾರ್ಕ್, ಕಾಪಿರೈಟ್ ತಕರಾರು ಮನೆಗೇ ಬರುತ್ತದೆ. ನಮ್ಮ ಕಾಯ್ದೆಯಂತೆ ಕವಿಯ ಹಕ್ಕು ಅವರು ತೀರಿಕೊಂಡ ವರ್ಷದ ಮುಂದಿನ 60 ವರ್ಷ ಇರುತ್ತದೆ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಕಗ್ಗಕ್ಕೆ 2035ರ ಕೊನೆಯವರೆಗೆ, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041ರವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಾಲಿಗೆ 2054ರವರೆಗೆ ಅನುಮತಿ ಬೇಕು. ಹನ್ನೆರಡನೆಯ ಶತಮಾನದ ಬಸವಣ್ಣ, ಅಕ್ಕಮಹಾದೇವಿಯರ ವಚನಗಳಿಗೆ ಯಾರನ್ನೂ ಕೇಳಬೇಕಿಲ್ಲ. ಕಾಗುಣಿತ ಮಾತ್ರ ಒತ್ತುವ ಮುನ್ನ ಇನ್ನೊಬ್ಬರ ಕಣ್ಣಿಗೆ ತೋರಿಸಿ.