ಪಳೆಯುಳಿಕೆಗಳನ್ನು ಓದಿದ ಯೇಸುಸಭೆಯ ಗುರು

ಮಾನವನ ಮೂಲವನ್ನು ಮಣ್ಣಿನಲ್ಲಿ ಅರಸುವುದು ವಿಶ್ವಾಸಕ್ಕೆ ಧಕ್ಕೆಯೆಂದು ಅಂಜುವವರು ನಮ್ಮಲ್ಲಿ ಉಂಟು. ಫ್ರಾನ್ಸಿನ ಯೇಸುಸಭೆಯ ಗುರು ಪಿಯರ್ ತೇಯಾರ್ ದ ಶಾರ್ದೆನ್ (1881–1955) ಅವರಿಗೆ ಆ ಅಂಜಿಕೆಯಿರಲಿಲ್ಲ. 1911ರಲ್ಲಿ ಗುರುದೀಕ್ಷೆ ಪಡೆದ ಅವರು 1922ರಲ್ಲಿ ಪ್ರಾಚೀನ ಸಸ್ತನಿಗಳ ಪಳೆಯುಳಿಕೆಗಳ ಕುರಿತು ಡಾಕ್ಟರೇಟ್ ಗಳಿಸಿ, ಮರುವರ್ಷ ಚೀನಾಕ್ಕೆ ತೆರಳಿದರು.

ಬೀಜಿಂಗ್ ಸಮೀಪದ ಝೌಕೌದಿಯಾನ್ ಗುಹೆಯಲ್ಲಿ 1929ರಲ್ಲಿ ‘ಪೀಕಿಂಗ್ ಮಾನವ’ನ ತಲೆಬುರುಡೆಯನ್ನು ಕಂಡವರು ಪೇ ವೆನ್‌ಝಾಂಗ್, ಆ ಕೀರ್ತಿಯನ್ನು ತೇಯಾರರಿಗೆ ಕಟ್ಟುವುದು ಸಲ್ಲದು. ಅಲ್ಲಿಯ ಮಣ್ಣಿನ ಪದರಗಳನ್ನೂ ಪ್ರಾಣಿಗಳ ಎಲುಬುಗಳನ್ನೂ ಪರಿಶೀಲಿಸಿ ಬುರುಡೆಯ ಪ್ರಾಚೀನತೆಯನ್ನು ಸ್ಥಿರಪಡಿಸುವಲ್ಲಿ ಇವರ ಪಾಲು ಹಿರಿದು. ಗುಹೆಯಲ್ಲಿ ದೊರೆತ ಕಲ್ಲಿನ ಉಪಕರಣಗಳನ್ನು ಇಬ್ಬರೂ ಕೂಡಿ 1932ರಲ್ಲಿ ವಿವರಿಸಿದರು. ನಮಗಂತೂ ಬುರುಡೆಗಿಂತ ಆ ಕಲ್ಲುಗಳೇ ಮಿಗಿಲು: ಅಲ್ಲಿ ಕೈಗಿಂತ ಮೊದಲು ಬುದ್ಧಿ ದುಡಿದಿದೆ.

ಇದಕ್ಕೂ ಮೊದಲೇ, ಜನ್ಮಪಾಪದ ಕುರಿತು ಬರೆದ ಟಿಪ್ಪಣಿಯಿಂದಾಗಿ ಪ್ಯಾರಿಸ್ಸಿನ ಅಧ್ಯಾಪಕ ಹುದ್ದೆ ಅವರ ಕೈತಪ್ಪಿತ್ತು. ಮುಂದೆ ‘ಮಾನವ ವಿದ್ಯಮಾನ’ ಗ್ರಂಥಕ್ಕೂ ಮೇಲಧಿಕಾರಿಗಳ ಅನುಮತಿ ದೊರೆಯಲಿಲ್ಲ. ಆದರೂ ಅವರು ಯೇಸುಸಭೆಯನ್ನು ತೊರೆಯಲಿಲ್ಲ. ಗ್ರಂಥ ಅಚ್ಚಾದದ್ದು ಅವರ ಮರಣಾನಂತರ, 1955ರಲ್ಲಿ. 1962ರಲ್ಲಿ ರೋಮ್ ಹೊರಡಿಸಿದ ಎಚ್ಚರಿಕೆ ಅವರ ತತ್ತ್ವ ಹಾಗೂ ದೈವಶಾಸ್ತ್ರವನ್ನು ಕುರಿತದ್ದು. ವಿಜ್ಞಾನದ ಅಂಶಗಳ ಬಗ್ಗೆ ಅದು ತೀರ್ಪು ನೀಡಲಿಲ್ಲ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದ ಅಡಿಟಿಪ್ಪಣಿಯೊಂದರಲ್ಲಿ ತೇಯಾರರ ಕೊಡುಗೆಯನ್ನು ಸ್ಮರಿಸಿದರು.